ಮೈಸೂರು–ಹಾಸನ–ಸಕಲೇಶಪುರ–ಮಂಗಳೂರು ವಿಎಫ್‌ಆರ್: ಫ್ಲೈಟ್ ಪ್ಲಾನ್ ಒಂದೇ ಸಾಕಾ, ಸ್ಯಾಟಲೈಟ್ ಟ್ರ್ಯಾಕರ್ ಬೇಕಾ?

ಹಾಸನ_ಹಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಸ್ನಾ 172ರಲ್ಲಿ ಇಬ್ಬರು ಮೈಸೂರಿನಿಂದ ಹೊರಟು ಹಾಸನ, ಸಕಲೇಶಪುರದ ಮೇಲೆ ಹಾದು ಘಟ್ಟ ದಾಟಿ ಮಂಗಳೂರಿಗೆ ಹೋಗಬೇಕು. ಹಗಲಿನ ವಿಎಫ್‌ಆರ್ (ಹೊರಗೆ ಕಣ್ಣಿಟ್ಟು ಹಾರುವ) ಹಾರಾಟ, ಮಳೆಗಾಲ ಮುಗಿದ ಮೇಲೆ. ಮೈಸೂರು, ಮಂಗಳೂರು ಎರಡೂ ಕಡೆ ಟವರ್ ಇದೆ. ನನ್ನ ಚಿಂತೆಯೆಲ್ಲ ಸಕಲೇಶಪುರ ದಾಟಿದ ಮೇಲಿನ ಕಾಡಿನದ್ದು. ಅಲ್ಲಿ ಎಂಜಿನ್ ನಿಂತರೆ ನಾವು ಬಂದಿಲ್ಲ ಎಂದು ಯಾರಿಗೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಎಲ್ಲಿ ಹುಡುಕಬೇಕು ಎಂಬುದು ಅವರಿಗೆ ಹೇಗೆ ತಿಳಿಯುತ್ತದೆ?

ಫ್ಲೈಟ್ ಪ್ಲಾನ್ ಫಾರ್ಮಿನ ಐಟಂ 18 (ಇತರ ಮಾಹಿತಿ), 19ನ್ನು (ತುರ್ತಿಗೆ ಬೇಕಾಗುವ ವಿವರ) ಸಾಮಾನ್ಯವಾಗಿ ಕಾಟಾಚಾರಕ್ಕೆ ತುಂಬುತ್ತಾರೆ. ಅದನ್ನು ಸರಿಯಾಗಿ ತುಂಬುವುದು ಹೇಗೆಂದು ಯಾರಾದರೂ ಬಿಡಿಸಿ ಹೇಳಿ. ಅಮೆರಿಕದಲ್ಲಿರುವ ನೆಂಟರೊಬ್ಬರು ಗಾರ್ಮಿನ್ ಇನ್‌ರೀಚ್ (ಉಪಗ್ರಹದ ಮೂಲಕ ಸ್ಥಾನ, ಸಂದೇಶ ಕಳಿಸುವ ಕೈಸಾಧನ) ತಂದುಕೊಡುತ್ತೇನೆ ಅಂತಿದ್ದಾರೆ, ತರಿಸಿಕೊಳ್ಳಲೇ? ವಿಮಾನದಲ್ಲಿ 406 ಮೆಗಾಹರ್ಟ್ಸ್‌ನ ಇಎಲ್‌ಟಿ (ಅಪಘಾತವಾದಾಗ ಉಪಗ್ರಹಕ್ಕೆ ತುರ್ತು ಸಂದೇಶ ಕಳಿಸುವ ಬೀಕನ್) ಇದೆ. ಆದರೆ ವಿಮಾನವೇ ಹೊರದೇಶದಿಂದ ಸೆಕೆಂಡ್‌ಹ್ಯಾಂಡ್ ಬಂದದ್ದು.

---

ಎತ್ತಿನಭುಜ ಉತ್ತರ:

ಮೊದಲು ಇನ್‌ರೀಚ್ ವಿಷಯ ಮುಗಿಸೋಣ, ಏಕೆಂದರೆ ಅದು ನಿಮ್ಮ ನೆಂಟರನ್ನು ತೊಂದರೆಗೆ ಸಿಕ್ಕಿಸುವ ವಿಷಯ. ದಯವಿಟ್ಟು ತರಿಸಿಕೊಳ್ಳಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನಾಗಲಿ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವಾಗಲಿ ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಎರಡರಡಿಯೂ ಇದಕ್ಕೆ ಕೇಸು ಹಾಕಿದ್ದಾರೆ. ಥುರಾಯಾ, ಇರಿಡಿಯಂ ಫೋನುಗಳ ಮೇಲಿನ ನಿರ್ಬಂಧ ಎಲ್ಲರಿಗೂ ಗೊತ್ತು. ಇನ್‌ರೀಚ್ ಓಡುವುದೂ ಅದೇ ಇರಿಡಿಯಂ ಜಾಲದ ಮೇಲೆ ಎಂಬುದು ಹಲವರಿಗೆ ಗೊತ್ತಿಲ್ಲ. ಚಾರಣಕ್ಕೆಂದು ಅದನ್ನು ಬ್ಯಾಗಿನಲ್ಲಿ ತಂದ ವಿದೇಶಿ ಪ್ರವಾಸಿಗರನ್ನು ಇಲ್ಲಿನ ವಿಮಾನ ನಿಲ್ದಾಣಗಳಲ್ಲೇ ತಡೆದು ಕೇಸು ಹಾಕಿದ ಉದಾಹರಣೆಗಳಿವೆ. ‘ಫೋನಲ್ಲ, ಬರೀ ಟ್ರ್ಯಾಕರ್’ ಎಂಬ ವಾದ ಸೆಕ್ಯೂರಿಟಿ ಗೇಟಿನಲ್ಲಿ ನಿಲ್ಲುವುದಿಲ್ಲ.

406ರ ಇಎಲ್‌ಟಿ ಈ ಗುಂಪಿಗೆ ಸೇರಿದ್ದಲ್ಲ. ಅದು ಕೋಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ಶೋಧ-ರಕ್ಷಣಾ ವ್ಯವಸ್ಥೆಯದ್ದು. ಭಾರತ ಅದರ ಭಾಗೀದಾರ, ನಮ್ಮ ಮಿಷನ್ ಕಂಟ್ರೋಲ್ ಸೆಂಟರ್ (ಐಎನ್‌ಎಂಸಿಸಿ) ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್‌ನಲ್ಲೇ ಇದೆ. ಇನ್ಸಾಟ್-3ಡಿಆರ್ ಉಪಗ್ರಹದಲ್ಲೂ 406ರ ಕೂಗನ್ನು ಹಿಡಿದು ಕೆಳಗೆ ದಾಟಿಸುವ ಉಪಕರಣ ಇದೆ. ಹಾಸನದವರಾದ ನಿಮಗೆ ಇನ್ನೂ ಹತ್ತಿರದ ಸಂಗತಿ: ಆ ಉಪಗ್ರಹವನ್ನು ನೋಡಿಕೊಳ್ಳುವುದು ನಿಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. 74 ಡಿಗ್ರಿ ಪೂರ್ವದಲ್ಲಿ ನಿಂತಿರುವುದರಿಂದ ನಮ್ಮ ಘಟ್ಟಗಳಿಂದ ನೋಡಿದರೆ ಅದು ದಿಗಂತದಿಂದ ಸುಮಾರು 75 ಡಿಗ್ರಿ ಮೇಲೆ, ಹೆಚ್ಚುಕಮ್ಮಿ ನೆತ್ತಿಯ ಮೇಲೇ. ಆಳದ ಕಣಿವೆಯಲ್ಲಿ ಬಿದ್ದರೂ ಗುಡ್ಡ ಅಡ್ಡ ಬರುವುದು ಕಡಿಮೆ.

ಒಂದು ಮಿತಿ ನೆನಪಿಡಿ. ಭೂಸ್ಥಿರ ಉಪಗ್ರಹ ಕದಲುವುದಿಲ್ಲವಾದ್ದರಿಂದ ಡಾಪ್ಲರ್ ಲೆಕ್ಕದಿಂದ (ಉಪಗ್ರಹ ಚಲಿಸುವಾಗ ತರಂಗಾಂತರದಲ್ಲಿ ಕಾಣುವ ವ್ಯತ್ಯಾಸದಿಂದ) ಜಾಗ ಕಂಡುಹಿಡಿಯಲಾರದು. ಬೀಕನ್ನೇ ತನ್ನ ಜಿಪಿಎಸ್ ಸ್ಥಾನವನ್ನು ಸಂದೇಶದಲ್ಲಿ ತುಂಬಿ ಕಳಿಸಬೇಕು. ಜಿಪಿಎಸ್ ಇಲ್ಲದ ಇಎಲ್‌ಟಿಯಾದರೆ ‘ಇಂಥ ವಿಮಾನ ಅಪಾಯದಲ್ಲಿದೆ’ ಎಂಬುದು ಮಾತ್ರ ತಕ್ಷಣ ಗೊತ್ತಾಗುತ್ತದೆ. ಎಲ್ಲಿ ಎಂಬುದಕ್ಕೆ ಬೇರೆ ಉಪಗ್ರಹಗಳ ಲೆಕ್ಕ ಬರುವವರೆಗೆ ಕಾಯಬೇಕು. ಕೆಳಕಕ್ಷೆಯ ಉಪಗ್ರಹದ ಡಾಪ್ಲರ್ ಲೆಕ್ಕ ಕೊಡುವುದು ಸುಮಾರು 5 ಕಿಲೋಮೀಟರ್ ಒಳಗಿನ ಜಾಗ, ಜಿಪಿಎಸ್ ಕೊಡುವುದು ನೂರು ಮೀಟರ್ ಆಸುಪಾಸು. ಶಿರಾಡಿ ಕಾಡಿನಲ್ಲಿ 5 ಕಿಲೋಮೀಟರ್ ಎಂದರೆ ಎರಡು ಕಣಿವೆ, ಒಂದು ಹೊಳೆ. ಹುಡುಕುವವರಿಗೆ ಅದು ಒಂದಿಡೀ ದಿನದ ಕೆಲಸ.

---

ಯಗಚಿ_ತೀರ ಉತ್ತರ:

ಫ್ಲೈಟ್ ಪ್ಲಾನ್ ಬಗ್ಗೆ ನಾನು ಬರೆಯುತ್ತೇನೆ. ‘ಎಷ್ಟು ಹೊತ್ತಿಗೆ ಹುಡುಕುತ್ತಾರೆ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ಮೈಸೂರು–ಹಾಸನ ಸುಮಾರು 56 ನಾಟಿಕಲ್ ಮೈಲಿ, ಹಾಸನ–ಸಕಲೇಶಪುರ 19, ಸಕಲೇಶಪುರ–ಮಂಗಳೂರು 52. ಒಟ್ಟು 127. 100 ನಾಟ್ ವೇಗದಲ್ಲಿ, ಏರುವ ಹೊತ್ತನ್ನೂ ಸೇರಿಸಿ 1 ಗಂಟೆ 25 ನಿಮಿಷ ಹಿಡಿಯಿರಿ. ಸಕಲೇಶಪುರ ದಾಟಿದ ಐದು ನಿಮಿಷಕ್ಕೆ ನೀವು ಸದ್ದಿಲ್ಲದೆ ಕೆಳಗಿಳಿದಿರಿ ಎಂದುಕೊಳ್ಳೋಣ. ಮಂಗಳೂರು ತಲುಪಬೇಕಾದ ಸಮಯಕ್ಕೆ ಇನ್ನೂ 25 ನಿಮಿಷ ಬಾಕಿ. ಆ ಸಮಯ ದಾಟಿ 30 ನಿಮಿಷವಾದ ಮೇಲೆ ಅನಿಶ್ಚಿತ ಹಂತ, ಅಂದರೆ ಇನ್ಸರ್ಫಾ. ಅಲ್ಲಿಗೆ ಹೆಚ್ಚುಕಮ್ಮಿ ಒಂದು ಗಂಟೆ ಹೋಯಿತು, ಇನ್ನೂ ಫೋನು ವಿಚಾರಣೆಯಷ್ಟೇ ನಡೆದಿರುತ್ತದೆ. ವಿಚಾರಿಸಿದರೂ ಸುಳಿವು ಸಿಗದಿದ್ದರೆ ಎಚ್ಚರಿಕೆಯ ಹಂತ, ಅಂದರೆ ಅಲರ್ಫಾ. ಇನ್ನೂ ವ್ಯಾಪಕವಾಗಿ ವಿಚಾರಿಸಿ ಏನೂ ತಿಳಿಯದಿದ್ದರೆ, ಅಥವಾ ಇಂಧನ ಮುಗಿದಿರಬೇಕು ಎಂಬ ತೀರ್ಮಾನಕ್ಕೆ ಬಂದರೆ ಅಪಾಯದ ಹಂತ, ಅಂದರೆ ಡೆಟ್ರೆಸ್ಫಾ.

ಇಂಧನ ಮುಗಿದಿದೆಯೇ ಎಂದು ಅವರು ನೋಡುವುದು ಐಟಂ 19ರ ಇ/ (ಇಂಧನ ಎಷ್ಟು ಹೊತ್ತು ಬರುತ್ತದೆ) ಎದುರು ನೀವು ಬರೆದ ಅಂಕಿಯನ್ನು. ಗಂಟೆಗೆ 35 ಲೀಟರ್ ಕುಡಿಯುವ ವಿಮಾನದಲ್ಲಿ ಬಳಸಬಹುದಾದ 140 ಲೀಟರ್ ಇದ್ದರೆ 0400, ಅಂದರೆ ನಾಲ್ಕು ಗಂಟೆ. ಟ್ಯಾಂಕಿನಲ್ಲಿ ಅಷ್ಟೇ ಇದ್ದಾಗ ಅಭ್ಯಾಸಬಲದಿಂದ 0530 ಎಂದು ಬರೆದರೆ, ನಿಮ್ಮನ್ನು ಅಪಾಯದಲ್ಲಿರುವವರು ಎಂದು ಘೋಷಿಸಲು ಇರುವ ಒಂದು ಗಟ್ಟಿ ಕಾರಣವನ್ನು ನೀವೇ ಒಂದೂವರೆ ಗಂಟೆ ಮುಂದಕ್ಕೆ ತಳ್ಳಿದಂತೆ. ಟ್ಯಾಂಕಿಗೆ ಕಡ್ಡಿ ಅದ್ದಿ ಅಳೆದ ಮೇಲೆ ಬರೆಯಿರಿ.

ಆರ್/ ಎದುರು ಯು, ವಿ, ಇ ಎಂದು ಮೂರು ಅಕ್ಷರ ಇರುತ್ತವೆ: ಯುಎಚ್‌ಎಫ್, ವಿಎಚ್‌ಎಫ್, ಇಎಲ್‌ಟಿ. ಇಲ್ಲಿ ಇಲ್ಲದ್ದನ್ನು ಹೊಡೆದುಹಾಕಬೇಕು. ಇರುವುದಕ್ಕೆ ಅಡ್ಡಗೆರೆ ಎಳೆಯುವವರು ಬಹಳ ಜನ. ನಿಮ್ಮ ವಿಮಾನಕ್ಕೆ ಯು ಹೊಡೆದು ವಿ, ಇ ಉಳಿಸಿ. ಉಲ್ಟಾ ಮಾಡಿದರೆ ‘ಯುಎಚ್‌ಎಫ್ ಇದೆ, ಇಎಲ್‌ಟಿ ಇಲ್ಲ’ ಎಂದು ಓದಿಕೊಳ್ಳುತ್ತಾರೆ. ಎಸ್/ ಎದುರಿನ ಪಿ, ಡಿ, ಎಂ, ಜೆ ಎಂದರೆ ಧ್ರುವ, ಮರುಭೂಮಿ, ಸಮುದ್ರ, ಕಾಡು. ಕಾಡಿಗೆ ಬೇಕಾದ ಸಾಮಾನು ನಿಜಕ್ಕೂ ಒಯ್ಯುತ್ತಿದ್ದರೆ ಮಾತ್ರ ಜೆ ಉಳಿಸಿ. ಎ/ ಎದುರು ಬಣ್ಣ: ಬರೀ ‘ವೈಟ್’ ಸಾಲದು, ರೆಕ್ಕೆಯ ತುದಿ ಕೆಂಪೋ ನೀಲಿಯೋ ಅದನ್ನೂ ಬರೆಯಿರಿ. ಹಸಿರು ಕಾಡಿನ ಮೇಲೆ ಹೆಲಿಕಾಪ್ಟರಿನಿಂದ ಹುಡುಕುವವರಿಗೆ ಅದೇ ಗುರುತು. ಪಿ/ ಎದುರು ನಿಮ್ಮನ್ನೂ ಸೇರಿಸಿ ಒಟ್ಟು ತಲೆ, ಅಂದರೆ 002.

ಇನ್ನೊಂದು ಮುಖ್ಯ ಮಾತು. ಐಟಂ 19ರ ವಿವರ ಪ್ಲಾನ್ ಸಂದೇಶದ ಜೊತೆ ಮುಂದಿನ ನಿಲ್ದಾಣಕ್ಕೆ ಹೋಗುವುದಿಲ್ಲ. ನೀವು ಫೈಲ್ ಮಾಡಿದ ಕಡೆಯಲ್ಲೇ ಉಳಿದು, ಕೇಳಿದಾಗ ಮಾತ್ರ ಕಳಿಸಲಾಗುತ್ತದೆ. ಹಾಗಾಗಿ ನೀವು ಹೊರಡುವಾಗ ಜೊತೆಗಾರರ ಸಂಖ್ಯೆ ಬದಲಾದರೆ ಮೈಸೂರಿನಲ್ಲೇ ತಿದ್ದಿಸಿ. ಮಂಗಳೂರು ಟವರ್‌ಗೆ ಹೇಳಿದರೆ ಆ ಕಾಗದ ತಿದ್ದಿದಂತಾಗುವುದಿಲ್ಲ.

ಐಟಂ 15ರ ರೂಟ್. ಬರೀ ‘ಡಿಸಿಟಿ’ (ನೇರ) ಎಂದು ಬರೆದು ಬಿಡುವವರಿದ್ದಾರೆ. ಹಾಗೆ ಬರೆದರೆ ಮೈಸೂರಿನಿಂದ ಮಂಗಳೂರಿಗೆ ನೇರ ಗೆರೆ ಎಳೆದು ಕೊಡಗಿನ ಮೇಲೆ ಹುಡುಕುತ್ತಾರೆ, ನೀವು ಇರುವುದು ಸಕಲೇಶಪುರದ ಆಚೆ. ಹೀಗೆ ಬರೆಯಿರಿ: ಡಿಸಿಟಿ 1300ಎನ್07606ಇ ಡಿಸಿಟಿ 1257ಎನ್07547ಇ ಡಿಸಿಟಿ. ಮೊದಲನೆಯದು ಹಾಸನ, ಎರಡನೆಯದು ಸಕಲೇಶಪುರ. ಬಿಂದುಗಳ ನಡುವೆ 30 ನಿಮಿಷಕ್ಕಿಂತ ಹೆಚ್ಚು ಹಾರಾಟ ಇರದಂತೆ ನೋಡಿಕೊಳ್ಳಿ. ಮೈಸೂರು–ಹಾಸನ ನಡುವೆಯೂ ಒಂದು ಬಿಂದು ಬೇಕು, ಕೃಷ್ಣರಾಜಪೇಟೆಯೋ ಚನ್ನರಾಯಪಟ್ಟಣವೋ ನಿಮ್ಮ ಗೆರೆಗೆ ಯಾವುದು ಹತ್ತಿರವೋ ಅದು. ರೂಟ್ ಎಳೆಯುವ ಮೊದಲು ಎಐಪಿಯ (ವೈಮಾನಿಕ ಮಾಹಿತಿಯ ಅಧಿಕೃತ ಕೈಪಿಡಿ) ಇಎನ್‌ಆರ್ 5.1 ಭಾಗದಲ್ಲಿ ನಿರ್ಬಂಧಿತ ಪ್ರದೇಶಗಳನ್ನೂ ಆ ದಿನದ ನೋಟಾಮನ್ನೂ (ಪೈಲಟ್‌ಗಳಿಗೆ ಕೊಡುವ ಸೂಚನೆ) ನೋಡಿ.

ಸಮಯ ಯುಟಿಸಿಯಲ್ಲಿ. ಐದೂವರೆ ಗಂಟೆ ಕಳೆಯಬೇಕಾದ ಕಡೆ ಐದು ಕಳೆಯುವ ತಪ್ಪು ಆಗಾಗ ಆಗುತ್ತದೆ. ಆಗ ಪ್ಲಾನಿನಲ್ಲಿರುವ ಹೊರಡುವ ಸಮಯ ಅರ್ಧ ಗಂಟೆ ಮುಂದೆ ಹೋಗಿರುತ್ತದೆ. ಬೆಳಿಗ್ಗೆ 8:30ಕ್ಕೆ ಹೊರಟರೆ 0300. ಇಒಬಿಟಿಗೆ (ಹೊರಡುವ ಅಂದಾಜು ಸಮಯಕ್ಕೆ) ಕನಿಷ್ಠ 60 ನಿಮಿಷ ಮೊದಲು ಫೈಲ್ ಆಗಿರಬೇಕು. ಆಮೇಲೆ ಚೆನ್ನೈ ಎಫ್‌ಐಸಿಯಿಂದ (ಹಾರಾಟ ಮಾಹಿತಿ ಕೇಂದ್ರ) ಎಫ್‌ಐಸಿ ನಂಬರ್, ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್ ಎರಡನ್ನೂ ಪಡೆಯಿರಿ. ಕಂಟ್ರೋಲ್ಡ್ ಫ್ಲೈಟ್ 30 ನಿಮಿಷಕ್ಕಿಂತ ತಡವಾದರೆ ಡಿಲೇ ಸಂದೇಶ ಹೋಗಬೇಕು, ಎಡಿಸಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದೂ ಆಗಲೇ ಕೇಳಿಕೊಳ್ಳಿ. ಬೆಳಗಿನ ಮಂಜಿಗೆ ಕಾಯುತ್ತಾ ಕೂತಾಗ ಈ ಎರಡೂ ಮರೆತುಹೋಗುತ್ತವೆ.

---

ಹಾಸನ_ಹಕ್ಕಿ:

ಆರ್/ ಎದುರು ಇಲ್ಲದ್ದನ್ನು ಹೊಡೆಯುವ ವಿಷಯ ಎಷ್ಟು ಜನರಿಗೆ ಗೊತ್ತೋ, ಬಹಳ ಉಪಕಾರವಾಯಿತು ಸಾರ್. ಎತ್ತರದ ಬಗ್ಗೆ: ಪಶ್ಚಿಮಕ್ಕೆ 6,500 ಅಡಿ ಸಾಕಾಗುವುದಿಲ್ಲವೇ? ಹಿಂದಿರುಗುವಾಗ ಮಂಗಳೂರಿನಿಂದ ಚಿಕ್ಕಮಗಳೂರಿನ ಮೇಲೆ ಬರುವ ಯೋಚನೆಯೂ ಇದೆ.

---

ಎತ್ತಿನಭುಜ ಉತ್ತರ:

ನಿಯಮದ ಲೆಕ್ಕಕ್ಕೆ 6,500 ಸರಿ, ಗುಡ್ಡದ ಲೆಕ್ಕಕ್ಕೆ ಸರಿಯಲ್ಲ. ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,330 ಅಡಿ. ಬಾಬಾಬುಡನ್‌ಗಿರಿ, ಕುದುರೆಮುಖ ಎರಡೂ 6,200 ದಾಟಿವೆ. ಹೋಗುವಾಗ 8,500 ಹಿಡಿಯಿರಿ. ಬರುವಾಗ ಪೂರ್ವಾಭಿಮುಖವಾದ್ದರಿಂದ 7,500 ಅಥವಾ 9,500. ಚಿಕ್ಕಮಗಳೂರು ಕಡೆಯಿಂದ ಬರುವುದಾದರೆ 9,500. ಮಧ್ಯಾಹ್ನದ ಗಾಳಿ ಆ ಸಾಲಿಗೆ ಬಡಿದು ಮೇಲೆದ್ದು ಪೂರ್ವದ ಮಗ್ಗುಲಲ್ಲಿ ಕೆಳಗೆ ಸೆಳೆಯುತ್ತದೆ. 7,500ರಲ್ಲಿ ಅದನ್ನು ತಡೆದುಕೊಳ್ಳಲು ಉಳಿಯುವುದು ಸಾವಿರ ಅಡಿ ಚಿಲ್ಲರೆ.

ಎತ್ತರ ಎಂದರೆ ಗುಡ್ಡ ತಪ್ಪಿಸುವುದಷ್ಟೇ ಅಲ್ಲ, ರೇಡಿಯೋ ಕೂಡ ಹೌದು. ವಿಎಚ್‌ಎಫ್‌ನ ನೋಟದ ದೂರ ಅಡಿಯಲ್ಲಿನ ಎತ್ತರದ ವರ್ಗಮೂಲಕ್ಕೆ 1.23 ಗುಣಿಸಿದಷ್ಟು ನಾಟಿಕಲ್ ಮೈಲಿ. 8,500ರಲ್ಲಿ ಸುಮಾರು 113. ಮಂಗಳೂರು ಆರಾಮಾಗಿ ಕೇಳುತ್ತದೆ. ಬಿಸಿಲೆ, ಶಿರಾಡಿಯ ಕಣಿವೆಯೊಳಗೆ ಇಳಿದಿರೋ, ಗುಡ್ಡ ಅಡ್ಡ ಬಂದು ಎಲ್ಲ ನಿಂತುಹೋಗುತ್ತದೆ.

ಲೆಕ್ಕ ಹಾಕಿ ನೋಡಿ. 172 ಪ್ರತಿ 1,000 ಅಡಿಗೆ ಸುಮಾರು 1.5 ನಾಟಿಕಲ್ ಮೈಲಿ ತೇಲುತ್ತದೆ. 8,500ರಿಂದ 3,000ದ ಬೆಟ್ಟದ ಮಟ್ಟಕ್ಕೆ ಇಳಿಯಲು ಏಳೆಂಟು ನಿಮಿಷ. ಎಂಜಿನ್ ಮತ್ತೆ ಚಾಲೂ ಮಾಡುವ ಪ್ರಯತ್ನದಲ್ಲೇ ಆರು ನಿಮಿಷ ಕಳೆದು ಆಮೇಲೆ ಮೇಡೇ ಕರೆದರೆ ಕೇಳುವವರಿಲ್ಲ. ವೇಗ ಹಿಡಿದು, ಇಳಿಯುವ ಜಾಗಕ್ಕೆ ಮೂತಿ ತಿರುಗಿಸಿದ ಕೂಡಲೇ ಮೇಡೇ, ಸ್ಥಾನ, ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರ್‌ಗೆ ಉತ್ತರಿಸುವ ಉಪಕರಣ) ತುರ್ತು ಕೋಡ್ 7700, ಆಮೇಲೆ ಪ್ಯಾನೆಲ್ಲಿನ ಇಎಲ್‌ಟಿ ಸ್ವಿಚ್ ಆನ್. ಇಷ್ಟೂ ಆಕಾಶದಲ್ಲೇ ಆಗಬೇಕು. ಇಎಲ್‌ಟಿ ಬಿದ್ದಾಗ ತಾನೇ ಕೂಗಿಕೊಳ್ಳುತ್ತದೆ ಎಂದು ಕಾಯಬೇಡಿ. 406ರ ಸಂದೇಶ ಸುಮಾರು 50 ಸೆಕೆಂಡಿಗೊಂದು ಹೋಗುತ್ತದೆ, ಪ್ರತಿಯೊಂದೂ ಅರ್ಧ ಸೆಕೆಂಡ್, 5 ವಾಟ್. ಏಳು ನಿಮಿಷದಲ್ಲಿ ಎಂಟು ಸಂದೇಶ, ಅದೂ ಆಂಟೆನಾ ಸರಿಯಾಗಿ ನಿಂತಿರುವಾಗ, ಮೇಲೆ ತೆರೆದ ಆಕಾಶ ಇರುವಾಗ. ನೆಲಕ್ಕೆ ಬಡಿದ ಮೇಲೆ ಆಂಟೆನಾ ಮುರಿದರೂ ಆ ಎಂಟು ಸಂದೇಶ ಆಗಲೇ ಹೋಗಿರುತ್ತವೆ.

---

ಸೇಫ್ಟಿ_ವೈರ್ ಉತ್ತರ:

ಇಎಲ್‌ಟಿ ಬಗ್ಗೆ ಮೇಂಟೆನೆನ್ಸ್ ಕಡೆಯಿಂದ ಒಂದಿಷ್ಟು.

ಹೊರದೇಶದಿಂದ ಬಂದ ವಿಮಾನ ಅಂದಿರಲ್ಲ, ಮೊದಲು ಕೋಡ್ ನೋಡಿ. ಪ್ರತಿ 406 ಬೀಕನ್‌ಗೂ 15 ಹೆಕ್ಸ್ ಅಕ್ಷರಗಳ ಗುರುತು ಇರುತ್ತದೆ, ಅದರೊಳಗೆ ದೇಶದ ಕೋಡ್. ಭಾರತದ್ದು 419. ರಿಜಿಸ್ಟ್ರೇಷನ್ ವಿಟಿ (ಭಾರತದ್ದು) ಆದ ಮೇಲೂ ಇಎಲ್‌ಟಿ ಹಳೇ ದೇಶದ ಕೋಡಿನಲ್ಲೇ ಉಳಿದಿದ್ದರೆ, ನೀವು ಘಟ್ಟದಲ್ಲಿ ಬಿದ್ದಾಗ ‘ಇದು ಯಾರ ವಿಮಾನ’ ಎಂಬ ವಿಚಾರಣೆ ಆ ದೇಶದ ಹಳೇ ಮಾಲೀಕನ ಹತ್ತಿರ ಹೋಗುತ್ತದೆ. ವಿಮಾನಕ್ಕೆ ಕೊಡುವ 24 ಬಿಟ್ ಗುರುತಿನ ವಿಳಾಸ ಬಳಸುವ ಪ್ರೋಟೋಕಾಲ್ ಆದರೆ ಅದೂ ಹೊಸದಾಗಬೇಕು. ಭಾರತದ ವಿಳಾಸಗಳೆಲ್ಲ 800000ದಿಂದ 83ಎಫ್‌ಎಫ್‌ಎಫ್‌ಎಫ್ ಒಳಗೇ ಇರುತ್ತವೆ. ಇಎಲ್‌ಟಿಯಲ್ಲಿ, ಮೋಡ್ ಎಸ್ ಟ್ರಾನ್ಸ್‌ಪಾಂಡರ್‌ನಲ್ಲಿ, ಐಟಂ 18ರ ಕೋಡ್/ ಎದುರು ಮೂರೂ ಕಡೆ ಒಂದೇ ವಿಳಾಸ ಇದೆಯೇ ತಾಳೆ ನೋಡಿ. ಮರುಪ್ರೋಗ್ರಾಂ ಮಾಡಿಸಿದ ಮೇಲೆ ಬೆಂಗಳೂರಿನ ಐಎನ್‌ಎಂಸಿಸಿಯಲ್ಲಿ ನೋಂದಾಯಿಸಿ. ತುರ್ತು ಸಂಪರ್ಕಕ್ಕೆ ಕೊಡುವ ನಂಬರ್ ನಿಮ್ಮದೇ ಆಗಿರಬಾರದು. ಬೀಕನ್ ಕೂಗಿದಾಗ ನೀವು ವಿಮಾನದೊಳಗೆ ಇರುತ್ತೀರಿ. ಮನೆಯವರ ಒಂದು, ಹ್ಯಾಂಗರಿನ ಒಂದು ಕೊಡಿ, ಬದಲಾದಾಗ ತಿದ್ದಿಸಿ.

ಆಮೇಲೆ ಬಾಲದ ಇನ್‌ಸ್ಪೆಕ್ಷನ್ ಪ್ಯಾನೆಲ್ ಬಿಚ್ಚಿ, ಟಾರ್ಚ್ ಹಿಡಿದು ಕೈಯಾಡಿಸಿ ನೋಡಿ. ಇಎಲ್‌ಟಿಯನ್ನು ಕಟ್ಟಿರುವ ಪಟ್ಟಿ ವೆಲ್ಕ್ರೋ ಆಗಿದ್ದರೆ ನಂಬಬೇಡಿ. ವರ್ಷಗಟ್ಟಲೆ ಬಿಸಿ, ಎಣ್ಣೆ, ಧೂಳು ತಿಂದು ಅದರ ಹಿಡಿತ ಸಡಿಲವಾಗಿರುತ್ತದೆ, ಅಪ್ಪಳಿಸಿದಾಗ ಡಬ್ಬಿ ಹಾರಿ ಆಂಟೆನಾ ಕೇಬಲ್ ಕಿತ್ತುಕೊಳ್ಳುತ್ತದೆ. ತಯಾರಕರ ಲೋಹದ ಪಟ್ಟಿ ಹಾಕಿಸಿ. ಡಬ್ಬಿಯ ಮೇಲಿನ ಬಾಣ ವಿಮಾನದ ಮೂತಿಯ ಕಡೆಗೇ ಇರಬೇಕು. ತಿರುಗಿಸಿ ಕೂರಿಸಿದರೆ ಜಿ-ಸ್ವಿಚ್ (ಅಪ್ಪಳಿಸಿದಾಗ ಇಎಲ್‌ಟಿಯನ್ನು ಆನ್ ಮಾಡುವ ಸ್ವಿಚ್) ಮುಂದಿನ ಹೊಡೆತವನ್ನು ಗುರುತಿಸುವುದಿಲ್ಲ. ಕೋಆಕ್ಸ್ ಕೇಬಲ್ ಬಿಗಿಯಾಗಿ ಎಳೆದು ಕಟ್ಟಿರಬಾರದು, ಸ್ವಲ್ಪ ಸಡಿಲ ಬೇಕು. ಬಾಲ ಬಾಗಿದಾಗ ಬಿಗಿ ಕೇಬಲ್ ಮೊದಲು ಹರಿಯುತ್ತದೆ. ಬಿಎನ್‌ಸಿ ಕನೆಕ್ಟರನ್ನು ತಿರುಗಿಸಿ ನೋಡಿ, ಒಳಗೆ ಹಸಿರು ತುಕ್ಕು ಕಂಡರೆ ಬದಲಿಸಿ. ಮಲೆನಾಡಿನ ತೇವದಲ್ಲಿ ನಿಲ್ಲುವ ವಿಮಾನಗಳಲ್ಲಿ ಇದು ಸಾಮಾನ್ಯ. ಪ್ಯಾನೆಲ್ಲಿನ ರಿಮೋಟ್ ಸ್ವಿಚ್ ಕೆಲಸ ಮಾಡದಿದ್ದರೆ ಎತ್ತಿನಭುಜ ಹೇಳಿದ ಆಕಾಶದ ಎಂಟು ಸಂದೇಶವೂ ಹೋಗುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಆ ಸ್ವಿಚ್ಚಿಗೂ ಸೈರನ್ನಿಗೂ ಬೇರೆ ಚಿಕ್ಕ ಬ್ಯಾಟರಿ ಇರುತ್ತದೆ, ಅದರ ತಾರೀಖನ್ನು ಯಾರೂ ನೋಡುವುದಿಲ್ಲ. ಜಿಪಿಎಸ್ ಸ್ಥಾನ ಹೊರಗಿನ ರಿಸೀವರ್‌ನಿಂದ ಬರುವಂಥದ್ದಾದರೆ ಆ ವೈರು ಜೋಡಿಸಿದ್ದಾರೋ ಇಲ್ಲವೋ ಅದನ್ನೂ ಖಾತ್ರಿ ಮಾಡಿಕೊಳ್ಳಿ.

ಟೆಸ್ಟ್: ಸೆಲ್ಫ್-ಟೆಸ್ಟ್ ಸ್ಥಾನದಲ್ಲಿ ಮಾತ್ರ, ತಯಾರಕರು ಹೇಳಿದಷ್ಟು ಸಲ ಮಾತ್ರ. 121.5 ಮೆಗಾಹರ್ಟ್ಸ್ ತುರ್ತು ತರಂಗಾಂತರದಲ್ಲಿ ಸದ್ದು ಕೇಳುವ ಟೆಸ್ಟ್ ಆದರೆ ಗಂಟೆಯ ಮೊದಲ ಐದು ನಿಮಿಷದೊಳಗೆ, ಮೂರು ಸ್ವೀಪ್ (ಸದ್ದಿನ ಸುತ್ತು) ಮೀರದಂತೆ. ಅಕಸ್ಮಾತ್ ಆನ್ ಆಗಿಬಿಟ್ಟರೆ ಸುಮ್ಮನೆ ಆಫ್ ಮಾಡಿ ಹೊರಟುಬಿಡಬೇಡಿ. ಟವರಿಗೆ ತಿಳಿಸಿ, ಇಲ್ಲದಿದ್ದರೆ ನಿಮ್ಮ ಸುಳಿವಿಗಾಗಿ ಎಷ್ಟೋ ಜನ ಫೋನು ಹಚ್ಚುತ್ತಾ ಕೂತಿರುತ್ತಾರೆ. ಪ್ರತಿ ಲ್ಯಾಂಡಿಂಗ್ ಆದ ಮೇಲೆ ಎಂಜಿನ್ ನಿಲ್ಲಿಸುವ ಮುನ್ನ 121.5ನ್ನು ಹತ್ತು ಸೆಕೆಂಡ್ ಕೇಳಿ, ಗಡುಸಾಗಿ ಇಳಿದಾಗ ಇಎಲ್‌ಟಿ ಎದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಳೇ 121.5ರದ್ದೊಂದೇ ಇರುವ ಬೀಕನ್ ಇಟ್ಟುಕೊಂಡು ‘ಇಎಲ್‌ಟಿ ಇದೆ’ ಎಂದು ನೆಮ್ಮದಿಯಿಂದ ಇರುವವರಿಗೂ ಒಂದು ಮಾತು: 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ತರಂಗಾಂತರವನ್ನು ಕೇಳುವುದನ್ನೇ ನಿಲ್ಲಿಸಿವೆ.

---

ಮೂಡಿಗೆರೆ_ಮಳೆ ಉತ್ತರ:

ಕಾನೂನಿನ ಮಾತು ಒಪ್ಪುತ್ತೇನೆ. ಆದರೆ ಟ್ರ್ಯಾಕರ್ ಎಂಬ ವಿಚಾರವನ್ನೇ ಬದಿಗೆ ಸರಿಸಬಾರದು. ಇಎಲ್‌ಟಿ ಕೆಲಸ ಶುರುಮಾಡುವುದು ಏನಾದರೂ ಆದ ಮೇಲೆ, ಅಥವಾ ಯಾರಾದರೂ ಸ್ವಿಚ್ ಒತ್ತಿದಾಗ. ಟ್ರ್ಯಾಕರ್ ದಾರಿಯುದ್ದಕ್ಕೂ ಗುರುತು ಬಿಡುತ್ತದೆ, ಪೈಲಟ್ ಏನೂ ಮಾಡಲಾಗದಿದ್ದರೂ ಕೊನೆಯ ಬಿಂದು ಉಳಿಯುತ್ತದೆ. ಹೆಲಿಕಾಪ್ಟರ್ ಕಂಪನಿಗಳು ವಿಮಾನದಲ್ಲೇ ಅಳವಡಿಸುವ ಟ್ರ್ಯಾಕರ್ ಹಾಕಿಸಿಕೊಳ್ಳುವುದು ಅದಕ್ಕೇ. ನೀವೂ ಹಾಕಿಸುವುದಾದರೆ ಮಾರುವವರ ಹತ್ತಿರ ಮೊದಲು ಕೇಳಬೇಕಾದ್ದು ದೂರಸಂಪರ್ಕ ಇಲಾಖೆಯ ಅನುಮತಿ ಪತ್ರ, ಆಮೇಲೆ ಅಳವಡಿಕೆಯ ಒಪ್ಪಿಗೆ. ಬೆಲೆ ಕೊನೆಗೆ.

ಅಂತರದ ಲೆಕ್ಕ ಗೊತ್ತಿರಲಿ. ಹತ್ತು ನಿಮಿಷಕ್ಕೊಂದು ಬಿಂದು ಕಳಿಸುವಂತೆ ಇಟ್ಟರೆ, 100 ನಾಟ್‌ನಲ್ಲಿ ಎರಡು ಬಿಂದುಗಳ ನಡುವೆ ಸುಮಾರು 31 ಕಿಲೋಮೀಟರ್. ಸಕಲೇಶಪುರದಲ್ಲಿ ಒಂದು, ಮುಂದಿನದು ಘಟ್ಟದ ಬುಡ ದಾಟಿದ ಮೇಲೆ. ನಡುವಿನ ಕಾಡೆಲ್ಲ ಖಾಲಿ. ಎರಡು ನಿಮಿಷಕ್ಕೆ ಇಳಿಸಿದರೆ 6 ಕಿಲೋಮೀಟರ್. ಸಾಧನವನ್ನು ಗ್ಲೇರ್‌ಶೀಲ್ಡ್ (ಪ್ಯಾನೆಲ್ಲಿನ ಮೇಲಿನ ಚಾಚು) ಮೇಲೆ ಇಡಬೇಕು. 172ರ ರೆಕ್ಕೆ ತಲೆಯ ಮೇಲಿರುವುದರಿಂದ ಹಿಂದಿನ ಸೀಟಿನ ಬ್ಯಾಗಿನಲ್ಲಿಟ್ಟರೆ ಅರ್ಧ ಬಿಂದುಗಳು ಹೋಗುವುದೇ ಇಲ್ಲ. ಮೊಬೈಲ್ ಲೊಕೇಶನ್ ಹಂಚಿಕೊಂಡರೆ ಸಾಕು ಎನ್ನುವವರಿಗೆ: ಟವರುಗಳ ಆಂಟೆನಾ ನೆಲದ ಕಡೆಗೆ ಬಾಗಿರುತ್ತದೆ, ಮೇಲೆ ಹಾರುವವರಿಗಲ್ಲ. ಚಾರ್ಮಾಡಿ, ಶಿರಾಡಿಯಲ್ಲಿ ರಸ್ತೆಯ ಮೇಲೆ ನಿಂತವರಿಗೇ ಎಷ್ಟೋ ಕಡೆ ಸಿಗ್ನಲ್ ಇಲ್ಲ.

ಅನುಮತಿಯ ಟ್ರ್ಯಾಕರ್ ಸದ್ಯಕ್ಕೆ ಆಗದಿದ್ದರೆ 419ರ ಕೋಡಿನ, ಜಿಪಿಎಸ್ ಇರುವ, ಐಎನ್‌ಎಂಸಿಸಿಯಲ್ಲಿ ನೋಂದಾಯಿಸಿದ ಪಿಎಲ್‌ಬಿ (ಒಬ್ಬರು ಒಯ್ಯಬಹುದಾದ ಚಿಕ್ಕ ತುರ್ತು ಬೀಕನ್) ಒಂದನ್ನು ಇಟ್ಟುಕೊಳ್ಳಿ. ಅದು ಬ್ಯಾಗಿನಲ್ಲಿ ಅಲ್ಲ, ಮೈಮೇಲಿನ ಜೇಬಿನಲ್ಲಿ, ದಾರ ಕಟ್ಟಿ. ವಿಮಾನಕ್ಕೆ ಬೆಂಕಿ ಹತ್ತಿದರೆ ಬ್ಯಾಗು ತೆಗೆಯಲು ಯಾರೂ ಒಳಗೆ ಹೋಗುವುದಿಲ್ಲ. ಅದು ತಾನಾಗಿ ಆನ್ ಆಗುವುದಿಲ್ಲ, ಆಂಟೆನಾ ಬಿಡಿಸಿ ಗುಂಡಿ ಒತ್ತಬೇಕು. ಜೊತೆಗಾರರಿಗೂ ಹೊರಡುವ ಮುಂಚೆ ಕೈಗೆ ಕೊಟ್ಟು ಕಲಿಸಿ. ಸಿಲ್ವರ್ ಓಕ್ ನೆರಳಿನ ತೋಟದೊಳಗೆ ಬಿದ್ದರೆ ಆಕಾಶ ಕಾಣುವ ಕಡೆಗೆ, ಕಣವೋ ಗದ್ದೆಯೋ ಬಂಡೆಯೋ, ಅಲ್ಲಿಗೆ ತಂದು ಇಡಿ. ಬ್ಯಾಟರಿ 24 ಗಂಟೆ ಬರುತ್ತದೆ, ಉಳಿಸಲೆಂದು ನಡುನಡುವೆ ಆಫ್ ಮಾಡಬೇಡಿ.

---

ಹಾಸನ_ಹಕ್ಕಿ:

ಎಲ್ಲರಿಗೂ ಧನ್ಯವಾದ. ನೆಂಟರಿಗೆ ಬೇಡ ಎಂದು ಹೇಳುತ್ತೇನೆ. ಕೊನೆಯದೊಂದು: ಮನೆಯಲ್ಲಿ ಕಾಯುವವರ ಕೈಗೆ ಏನು ಬರೆದುಕೊಡಬೇಕು? ಪ್ಲಾನ್ ಫಾರ್ಮ್ ಅವರಿಗೆ ಅರ್ಥವಾಗುವುದಿಲ್ಲ.

---

ಯಗಚಿ_ತೀರ ಉತ್ತರ:

ಒಂದು ಹಾಳೆ ಸಾಕು, ಪೂರ್ತಿ ಕನ್ನಡದಲ್ಲೇ ಬರೆಯಿರಿ, ಸಮಯ ಭಾರತೀಯ ಕಾಲಮಾನದಲ್ಲಿ. ವಿಮಾನದ ಗುರುತು, ಬಣ್ಣ, ಎಷ್ಟು ಜನ. ಹೊರಡುವ ಸಮಯ, ಹಾದುಹೋಗುವ ಊರುಗಳು ಕ್ರಮವಾಗಿ, ಇಳಿಯುವ ಸಮಯ. ಇಂಧನ ಎಷ್ಟು ಗಂಟೆಯವರೆಗೆ ಬರುತ್ತದೆ. ಇಎಲ್‌ಟಿಯ 15 ಅಕ್ಷರದ ಗುರುತು. ಅದರ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಮಯ: ‘ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಇಲ್ಲಿಗೆ ಕರೆ ಮಾಡಿ’. ಇಳಿಯುವ ಸಮಯಕ್ಕೆ 30 ನಿಮಿಷ ಸೇರಿಸಿ ಅದನ್ನು ಬರೆಯಿರಿ. ಮೊದಲ ನಂಬರ್ ಇಳಿಯುವ ನಿಲ್ದಾಣದ ಟವರ್, ಎರಡನೆಯದು ಹೊರಟ ನಿಲ್ದಾಣದ ಎಟಿಸಿ, ಮೂರನೆಯದು ಚೆನ್ನೈ ಎಫ್‌ಐಸಿ. ನಂಬರುಗಳನ್ನು ಎಐಪಿಯಿಂದ ಆ ವಾರವೇ ನೋಡಿ ಬರೆದುಕೊಳ್ಳಿ. ‘ಬೇಗ ಮಾಡಿದರೆ ತೊಂದರೆಯಾದೀತು’ ಎಂದು ಅವರು ಹಿಂಜರಿಯದಂತೆ ಮೊದಲೇ ಹೇಳಿಡಿ. ಸುಳ್ಳು ಗಾಬರಿಗೆ ಯಾರೂ ಬೈಯುವುದಿಲ್ಲ, ತಡವಾದ ಕರೆಗೆ ಹಗಲು ಬೆಳಕು ಕಾಯುವುದಿಲ್ಲ.

ಟವರ್ ಇಲ್ಲದ ಕಡೆ, ಉದಾಹರಣೆಗೆ ತೋಟದ ಹೆಲಿಪ್ಯಾಡಿಗೆ ಹೋಗುವ ಹೆಲಿಕಾಪ್ಟರಿನವರು ಇನ್ನೊಂದು ನೆನಪಿಡಬೇಕು. ಅಲ್ಲಿ ಪ್ಲಾನನ್ನು ಮುಚ್ಚುವವರು ಯಾರೂ ಇಲ್ಲ. ಇಳಿದ ಕೂಡಲೇ ಹತ್ತಿರದ ಎಟಿಎಸ್ (ವಿಮಾನ ಸಂಚಾರ ಸೇವೆ) ಘಟಕಕ್ಕೆ ಗುರುತು, ಹೊರಟ ಜಾಗ, ಇಳಿದ ಜಾಗ, ಇಳಿದ ಸಮಯ ಹೇಳಬೇಕು. ಅಲ್ಲಿ ಫೋನ್ ಸಿಗುವುದಿಲ್ಲ ಎಂದು ಗೊತ್ತಿದ್ದರೆ, ಇಳಿಯುವ ಕೆಲ ನಿಮಿಷ ಮೊದಲು ರೇಡಿಯೋ ಸಿಗುವ ಎತ್ತರದಲ್ಲೇ ಎಟಿಎಸ್ ಘಟಕಕ್ಕೆ ವಿಷಯ ತಿಳಿಸಿಡಿ, ಇಲ್ಲವೇ ತೋಟದ ಲ್ಯಾಂಡ್‌ಲೈನ್ ನಂಬರನ್ನು ಹೊರಡುವ ಮುಂಚೆಯೇ ಎಟಿಸಿಗೆ ಕೊಟ್ಟಿರಿ.